ಅರಿತವನು ಅರಿತಂತೆ ನಡೆಯುವನೋ?

ನಮ್ಮ ಗ್ರಾಮಸಭೆಗಳಲ್ಲಿ ಹಿರಿಯರನ್ನೂ ಉಪದೇಶಿಗಳನ್ನೂ ಬಹುಕಾಲದಿಂದ ತೊಡಕಿಗೆ ಹಾಕಿರುವ ಒಂದು ಸಂಗತಿಯುಂಟು. ಹತ್ತು ಆಜ್ಞೆಗಳನ್ನು ಒಂದಕ್ಷರವೂ ತಪ್ಪದೆ ಬಾಯಿಪಾಠವಾಗಿ ಒಪ್ಪಿಸಬಲ್ಲವನು ಸಂತೆಯ ದಿನ ಕಾಲು ತಡವರಿಸುತ್ತಾ ಮನೆಗೆ ಬರುತ್ತಾನೆ. ನೆರೆಯವನ ಬದುವನ್ನು ಒತ್ತುವದು ಪಾಪವೆಂದು ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವನೇ ಮುಂಗಾರಿಗೆ ಮುಂಚೆ ತನ್ನ ನೇಗಿಲನ್ನು ಒಂದು ಸಾಲು ಆಚೆಗೆ ತಿರುಗಿಸುತ್ತಾನೆ. ಇಂಥವನನ್ನು ಕಂಡು ಕೆಲವರು, ಇವನಿಗೆ ಉಪದೇಶ ಸಾಲದು, ಇನ್ನೂ ಕಲಿಸಬೇಕು ಅನ್ನುತ್ತಾರೆ. ಬೇರೆ ಕೆಲವರು, ಇವನಿಗೆ ತಿಳಿಯದ್ದು ಏನೂ ಇಲ್ಲ, ಬೇಕೆಂದೇ ಮಾಡುತ್ತಾನೆ, ಶಿಕ್ಷಿಸಬೇಕು ಅನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವದು ಸರಿ? ಒಳ್ಳೆಯದನ್ನು ನಿಜವಾಗಿ ಅರಿತ ಮನುಷ್ಯನು ಕೆಟ್ಟದ್ದನ್ನು ಮಾಡಬಲ್ಲನೋ?

ಈ ಪ್ರಶ್ನೆ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ನಮ್ಮ ಕರ್ತನು ಮನುಷ್ಯನಾಗಿ ಬರುವದಕ್ಕೆ ನಾನೂರು ವರುಷಗಳಿಗೂ ಮುಂಚೆ ಅಥೇನೆ ಪಟ್ಟಣದ ಬೀದಿಗಳಲ್ಲಿ ಇದನ್ನು ಕುರಿತು ವಾದ ನಡೆಯಿತು. ಅಪೊಸ್ತಲರ ಕೃತ್ಯಗಳ ಹದಿನೇಳನೆಯ ಅಧ್ಯಾಯವನ್ನು ಓದಿದವರಿಗೆ ಆ ಪಟ್ಟಣದ ಹೆಸರು ಹೊಸದಲ್ಲ. ಪೌಲನೊಡನೆ ಅಲ್ಲಿ ಚರ್ಚಿಸಿದ ಎಪಿಕೂರಿಯರೂ ಸ್ತೋಯಿಕರೂ ಹಿಂದಿನ ಮೂವರು ದೊಡ್ಡ ಜ್ಞಾನಿಗಳ ತರುವಾಯ ಎದ್ದ ಪಂಗಡದವರು. ಆ ಮೂವರು ಯಾರಂದರೆ, ಸಾಕ್ರೆಟೀಸನು, ಅವನ ಶಿಷ್ಯನಾದ ಪ್ಲೇಟೋ, ಪ್ಲೇಟೋವಿನ ಶಿಷ್ಯನಾದ ಅರಿಸ್ಟಾಟಲನು. ಅನ್ಯಜನರ ಜ್ಞಾನವು ನಮಗೇಕೆಂದು ಕೇಳುವವರು, ಪೌಲನು ಅರಿಯೊಪಾಗದಲ್ಲಿ ನಿಂತು ಗ್ರೀಕ್ ಕವಿಯ ಮಾತನ್ನೇ ಎತ್ತಿ ಆಡಿದ್ದನ್ನು ನೆನಸಲಿ. ಆ ಮಾತು ಅರಾತನೆಂಬ ಕವಿಯಲ್ಲಿ ಸಿಕ್ಕುತ್ತದೆ. ಅವನು ಪೌಲನು ಹುಟ್ಟಿದ ಕಿಲಿಕ್ಯ ಸೀಮೆಯವನೇ.

ಸಾಕ್ರೆಟೀಸನು ಕ್ರಿ. ಪೂ. 470ರ ಸುಮಾರಿಗೆ ಹುಟ್ಟಿದನು. ತಂದೆ ಕಲ್ಲುಕೆಲಸದವನು, ತಾಯಿ ಸೂಲಗಿತ್ತಿ. ತಾನಾಗಿ ಅವನು ಒಂದು ಪುಸ್ತಕವನ್ನಾದರೂ ಬರೆಯಲಿಲ್ಲ. ಅವನ ವಿಷಯವಾಗಿ ತಿಳಿದದ್ದೆಲ್ಲಾ ಹೆಚ್ಚಾಗಿ ಪ್ಲೇಟೋ, ಕ್ಸೆನೊಫೋನ ಎಂಬ ಇಬ್ಬರ ಬರಹಗಳಿಂದ ದೊರೆತದ್ದು. ಬರಿಗಾಲಿನಲ್ಲಿ ಪೇಟೆಯ ಚೌಕಕ್ಕೆ ಹೋಗಿ, ಸೇನಾಪತಿಯನ್ನು ಕಂಡರೆ ಧೈರ್ಯವೆಂದರೇನೆಂದು ಕೇಳುವನು. ಭಕ್ತನೆನ್ನಿಸಿಕೊಂಡವನನ್ನು ಕಂಡರೆ ಭಕ್ತಿಯೆಂದರೇನೆಂದು ಕೇಳುವನು. ಉತ್ತರ ಬಂದ ಕೂಡಲೇ ಅದರ ಮೇಲೆ ಇನ್ನೊಂದು ಪ್ರಶ್ನೆ. ಹೀಗೆ ನಾಲ್ಕಾರು ಪ್ರಶ್ನೆಗಳಾಗುವಷ್ಟರಲ್ಲಿ ಬಲ್ಲೆನೆಂದವನ ಬಾಯಿ ಕಟ್ಟುವದು. ತಾನು ತಾಯಿಯ ಕಸಬನ್ನೇ ಮಾಡುವವನು, ಆದರೆ ಹೆರಿಸುವದು ಕೂಸುಗಳನ್ನಲ್ಲ, ಆಲೋಚನೆಗಳನ್ನು ಎಂದು ಅವನು ಹೇಳಿಕೊಂಡನೆಂದು ಪ್ಲೇಟೋ ಬರೆದಿದ್ದಾನೆ. ತನಗೆ ತಿಳಿಯದ್ದನ್ನು ತಿಳಿದಿದ್ದೇನೆಂದು ಎಣಿಸದೆ ಇರುವದೊಂದೇ ತನಗಿರುವ ಹೆಚ್ಚುಗಾರಿಕೆ ಎಂಬದು ಅವನ ಮತ.

ಅವನು ಬಿಡದೆ ಹಿಡಿದ ವಾದವು ಇದು: ಯಾವನೂ ತಿಳಿದು ತಿಳಿದು, ಬೇಕೆಂದು, ಕೆಟ್ಟದ್ದನ್ನು ಮಾಡುವದಿಲ್ಲ, ಮಾಡುವವನು ಅಜ್ಞಾನದಿಂದಲೇ ಮಾಡುತ್ತಾನೆ. ಕೇಳಿದ ಕೂಡಲೇ ನಗು ಬರುವ ಮಾತು. ಆದರೆ ಅವನು ಕೊಡುವ ಕಾರಣವನ್ನು ಕೇಳಿರಿ. ಪ್ರತಿಯೊಬ್ಬನೂ ತನಗೆ ಒಳ್ಳೆಯದಾಗಬೇಕೆಂದೇ ಬಯಸುತ್ತಾನೆ. ಹಾನಿಯನ್ನು ಹಾನಿಯೆಂದು ಕಂಡು ಅದಕ್ಕೆ ಕೈಚಾಚುವವನಿಲ್ಲ. ಕೈಚಾಚಿದ್ದಾದರೆ ಅದನ್ನು ಲಾಭವೆಂದು ಎಣಿಸಿದ್ದರಿಂದಲೇ. ಅಂದರೆ ಅವನು ಅಳತೆಯಲ್ಲಿ ತಪ್ಪಿದನು. ಕಣ್ಣಿಗೆ ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ತೋರುತ್ತದಷ್ಟೆ. ಬೆಟ್ಟಕ್ಕಿಂತ ಎದುರಿನ ಹುತ್ತವೇ ಎತ್ತರವೆಂದು ಮಗುವು ಹೇಳೀತು. ಸುಖದುಃಖಗಳೂ ಹಾಗೆಯೇ. ಸಂತೆಯಲ್ಲಿ ಮುಂದಿಟ್ಟ ಪಾತ್ರೆಯು ಹತ್ತಿರ. ಹಸಿದು ಕೂತ ಮಕ್ಕಳು ಮೂರು ಹರದಾರಿ ದೂರ. ಇವೆರಡನ್ನೂ ಸರಿಯಾಗಿ ಅಳೆಯುವ ವಿದ್ಯೆ ಕೈಗೂಡಿದರೆ ಮನುಷ್ಯನು ತಪ್ಪನು ಎಂದು ಅವನ ಅಭಿಪ್ರಾಯ. ಕೋಪವೋ ಕಾಮವೋ ಭಯವೋ ಬಂದು ಜ್ಞಾನವನ್ನು ದಾಸನಂತೆ ಎಳೆದಾಡುತ್ತದೆಂದು ಲೋಕದವರು ಎಣಿಸುವದನ್ನು ಅವನು ಒಪ್ಪಲಿಲ್ಲ.

ಈ ವಾದವನ್ನು ಅವನು ಬಾಯಿಂದ ಮಾತ್ರ ಆಡಲಿಲ್ಲವೆಂಬದನ್ನು ಅವನ ಮರಣವು ತೋರಿಸುತ್ತದೆ. ಕ್ರಿ. ಪೂ. 399ರಲ್ಲಿ ಮೂವರು ಅವನ ಮೇಲೆ ದೂರು ಹೊರಿಸಿದರು. ಪಟ್ಟಣದ ದೇವರುಗಳನ್ನು ಮನ್ನಿಸುವದಿಲ್ಲ, ಯೌವನಸ್ಥರನ್ನು ಕೆಡಿಸುತ್ತಾನೆ ಎಂಬದು ಅಪರಾಧ. ಸುಮಾರು 500 ಮಂದಿ ನ್ಯಾಯಗಾರರು ಕೂತು ಮರಣದಂಡನೆಯನ್ನು ತೀರ್ಮಾನಿಸಿದರು. ಆಗ ದೆಲೋಸ ದ್ವೀಪದ ಯಾತ್ರೆಗೆ ಹೋದ ಹಡಗು ಹಿಂದಿರುಗುವ ತನಕ ಯಾರನ್ನೂ ಕೊಲ್ಲಬಾರದೆಂಬ ಪದ್ಧತಿಯಿದ್ದದರಿಂದ ಅವನು ಸೆರೆಮನೆಯಲ್ಲಿ ಕಾಯಬೇಕಾಯಿತು. ಹಳೆಯ ಗೆಳೆಯನಾದ ಕ್ರಿಟೋ ಎಂಬವನು ಬೆಳಗಾಗುವದಕ್ಕೆ ಮುಂಚೆ ಬಂದು, ಹಣ ಸಿದ್ಧವಾಗಿದೆ, ಓಡಿಹೋಗು ಎಂದು ಬೇಡಿಕೊಂಡನು. ಅನ್ಯಾಯಕ್ಕೆ ಬದಲಾಗಿ ಅನ್ಯಾಯವನ್ನು ಮಾಡಬಾರದೆಂದು ಇಷ್ಟು ಕಾಲ ಒಪ್ಪಿಕೊಂಡು ಬಂದ ನಾವು ಈ ಮುಪ್ಪಿನಲ್ಲಿ ಅದನ್ನು ಸುಳ್ಳು ಮಾಡೋಣವೋ ಎಂದು ಸಾಕ್ರೆಟೀಸನು ವಾದಿಸಿ ಒಪ್ಪದೆ, ಗೊತ್ತಾದ ದಿನದಲ್ಲಿ ವಿಷದ ಪಾತ್ರೆಯನ್ನು ತೆಗೆದುಕೊಂಡು ಕುಡಿದನು. ತಿಳಿದಂತೆ ನಡೆದವನು ಒಬ್ಬನಿದ್ದನು, ನಿಜ.

ಆದರೆ ಅವನ ಪಕ್ಕದಲ್ಲಿಯೇ ಇನ್ನೊಬ್ಬನಿದ್ದನು. ಅಲ್ಕಿಬಿಯಾದನೆಂಬ ಇವನು ಕುಲೀನನು, ರೂಪವಂತನು, ಮಾತಿನಲ್ಲಿ ಜಾಣನು; ಅಥೇನೆಯ ಮುಖ್ಯಸ್ಥನಾದ ಪೆರಿಕ್ಲೀಸನ ಪಾಲನೆಯಲ್ಲಿ ಬೆಳೆದವನು. ಸಾಕ್ರೆಟೀಸನ ಮಾತನ್ನು ಇವನಷ್ಟು ಆಸೆಯಿಂದ ಕೇಳಿದವರು ಕೆಲವರೇ. ಪ್ಲೇಟೋ ಬರೆದ ಒಂದು ಪುಸ್ತಕದಲ್ಲಿ ಇವನು ಕುಡಿದು, ತಲೆಗೆ ಹೂವಿನ ಮಾಲೆ ಸುತ್ತಿಕೊಂಡು, ಒಂದು ಔತಣಕ್ಕೆ ನುಗ್ಗಿ, ಎಲ್ಲರ ಮುಂದೆ ತನ್ನ ಒಳಗನ್ನು ಬಿಚ್ಚಿಡುತ್ತಾನೆ. ಸಾಕ್ರೆಟೀಸನು ಮಾತಾಡುವಾಗ ತನ್ನ ಎದೆ ಬಡಿದುಕೊಳ್ಳುತ್ತದೆ, ಕಣ್ಣೀರು ಸುರಿಯುತ್ತದೆ. ಈ ಬಾಳು ಬಾಳಲ್ಲವೆಂದು ತೋರುತ್ತದೆ. ಲೋಕದಲ್ಲಿ ಇವನೊಬ್ಬನ ಮುಂದೆ ಮಾತ್ರ ತನಗೆ ನಾಚಿಕೆಯಾಗುತ್ತದೆ. ಅವನು ಹೇಳುವದಕ್ಕೆ ತನ್ನಲ್ಲಿ ಎದುರುತ್ತರವಿಲ್ಲ. ಆದರೂ ಅವನ ಬಳಿಯಿಂದ ಹೊರಟ ಕೂಡಲೇ ಜನರ ಹೊಗಳಿಕೆಗೆ ತಾನು ಸೋಲುತ್ತೇನೆ. ಆದದರಿಂದ ಕಿವಿ ಮುಚ್ಚಿಕೊಂಡು ಅವನಿಂದ ಓಡಿಹೋಗುತ್ತೇನೆ ಎಂದು ಹೇಳುತ್ತಾನೆ. ಅವನು ಮುಂದೆ ಏನಾದನೆಂಬದು ಚರಿತ್ರೆಯಲ್ಲಿದೆ. ಕ್ರಿ. ಪೂ. 415ರಲ್ಲಿ ಅಥೇನೆಯವರು ಸಿಸಿಲಿ ದ್ವೀಪದ ಮೇಲೆ ದಂಡೆತ್ತಿ ಹೋಗುವಂತೆ ಇವನೇ ಹುರಿದುಂಬಿಸಿದನು. ವಿಚಾರಣೆಗೆ ಹಿಂದಕ್ಕೆ ಕರೆದಾಗ ಶತ್ರುಗಳಾದ ಸ್ಪಾರ್ಟದವರ ಬಳಿಗೆ ಓಡಿಹೋಗಿ ತನ್ನ ಊರಿಗೆ ಕೇಡಾಗುವ ಆಲೋಚನೆಯನ್ನು ಅವರಿಗೆ ಕೊಟ್ಟನು. ಎರಡು ವರುಷಗಳಲ್ಲಿ ಆ ದಂಡೆಲ್ಲಾ ನಾಶವಾಯಿತು.

ಸಾಕ್ರೆಟೀಸನ ಪಕ್ಷದವರು ಇದಕ್ಕೆ, ಅಲ್ಕಿಬಿಯಾದನು ನಿಜವಾಗಿ ಅರಿತಿರಲಿಲ್ಲ, ಅರಿತಿದ್ದರೆ ಓಡುತ್ತಿರಲಿಲ್ಲ ಎಂದು ಹೇಳಬಹುದು. ಈ ಉತ್ತರವನ್ನು ಸೋಲಿಸುವದು ಸುಲಭವಲ್ಲ; ಆದರೆ ಅದರ ಕುಂದು ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ತಪ್ಪಿದವನನ್ನೆಲ್ಲಾ ಅರಿಯದವನೆಂದು ಕರೆದುಬಿಟ್ಟರೆ ಮಾತು ಗೆದ್ದಂತಾಯಿತು, ಮನುಷ್ಯನು ಗೆಲ್ಲಲಿಲ್ಲ. ಎಂಥ ಅರಿವು ಅವನಲ್ಲಿ ಇರಲಿಲ್ಲ, ಅದು ಅವನೊಳಗೆ ಹೊಗುವ ದಾರಿ ಯಾವದು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಸಾಕ್ರೆಟೀಸನಿಗೂ ಈ ಕಷ್ಟ ತಿಳಿಯದಿರಲಿಲ್ಲ. ಸದ್ಗುಣವನ್ನು ಕಲಿಸಲು ಬರುವದಾದರೆ ಒಳ್ಳೆಯ ತಂದೆಗಳು ಮಕ್ಕಳಿಗೆ ಅದನ್ನೇಕೆ ಕಲಿಸಲಿಲ್ಲವೆಂದು ಅವನೇ ಕೇಳುತ್ತಾನೆ. ಪಾರಸಿಯರ ಹಡಗುಪಡೆಯನ್ನು ಸೋಲಿಸಿದ ಥೆಮಿಸ್ಟೊಕ್ಲೀಸನು ತನ್ನ ಮಗನಿಗೆ ಓಡುವ ಕುದುರೆಯ ಮೇಲೆ ನೆಟ್ಟಗೆ ನಿಂತು ಈಟಿ ಎಸೆಯುವ ವಿದ್ಯೆಯನ್ನು ಕಲಿಸಿದನಂತೆ. ತನ್ನ ಜ್ಞಾನವನ್ನೂ ಗುಣವನ್ನೂ ಕಲಿಸಲಾರದೆ ಹೋದನು. ಮಕ್ಕಳುಳ್ಳವರಿಗೆ ಈ ದೃಷ್ಟಾಂತವು ಬೇಗ ಅರ್ಥವಾದೀತು.

ಗುರುವಿನ ಮರಣವನ್ನು ಕಂಡ ಪ್ಲೇಟೋ ಕ್ರಿ. ಪೂ. 387ರ ಸುಮಾರಿಗೆ ಅಥೇನೆಯ ಹೊರಗೆ ಒಂದು ತೋಪಿನ ಬಳಿಯಲ್ಲಿ ಅಕಾಡೆಮಿ ಎಂಬ ವಿದ್ಯಾಶಾಲೆಯನ್ನು ಸ್ಥಾಪಿಸಿದನು. ನಿಜವಾಗಿ ಇರುವಂಥದ್ದು ಯಾವದು ಎಂಬದನ್ನು ತಿಳಿಸುವದಕ್ಕೆ ಅವನು ಹೇಳಿದ ಗವಿಯ ಸಾಮ್ಯವು ಪ್ರಸಿದ್ಧವಾದದ್ದು. ಮನುಷ್ಯರು ಹುಟ್ಟಿದಂದಿನಿಂದ ಒಂದು ಗವಿಯಲ್ಲಿ ಕತ್ತು ತಿರುಗಿಸಲಾಗದಂತೆ ಕಟ್ಟಲ್ಪಟ್ಟಿದ್ದಾರೆ. ಹಿಂದುಗಡೆ ಬೆಂಕಿ ಉರಿಯುತ್ತದೆ. ಅದರ ಮುಂದೆ ಹೊತ್ತುಕೊಂಡು ಹೋಗುವ ಬೊಂಬೆಗಳ ನೆರಳು ಎದುರಿನ ಗೋಡೆಯ ಮೇಲೆ ಬೀಳುತ್ತದೆ. ಆ ನೆರಳುಗಳನ್ನೇ ಅವರು ವಸ್ತುಗಳೆಂದು ತಿಳಿಯುತ್ತಾರೆ. ನಾವು ಕಣ್ಣಿನಿಂದ ಕಾಣುವವುಗಳು ಹೀಗೆಯೇ ನೆರಳುಗಳು. ಮಾರ್ಪಡದ ನ್ಯಾಯ, ಮಾರ್ಪಡದ ಸೌಂದರ್ಯ, ಎಲ್ಲಕ್ಕೂ ಮೇಲಾದ ಒಳ್ಳೇತನ, ಇವೇ ಹೊರಗಿನ ಸೂರ್ಯನ ಬೆಳಕಿನಲ್ಲಿರುವ ನಿಜವಾದವುಗಳು ಎಂದು ಅವನ ಬೋಧೆ. ಕೆಲವರು ಇದನ್ನು ನಮ್ಮ ದೇಶದ ಮಾಯಾವಾದದೊಡನೆ ಒಂದುಮಾಡುತ್ತಾರೆ. ನನಗೆ ಅದು ಸರಿಕಾಣದು. ಪ್ಲೇಟೋವಿನ ನಿತ್ಯರೂಪಗಳು ಅನೇಕ. ಮತ್ತು ಬೆಳಕನ್ನು ಕಂಡವನು ಅಲ್ಲಿಯೇ ಉಳಿಯಬಾರದು, ಕತ್ತಲೆಗೆ ಇಳಿದು ಬಂದು ಸೆರೆಯವರ ನಡುವೆ ಕೆಲಸ ಮಾಡಬೇಕು ಎಂದು ಅವನು ಕಟ್ಟುಮಾಡುತ್ತಾನೆ.

ಈ ಸಾಮ್ಯದಲ್ಲಿ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಮಾತುಂಟು. ಕಲಿಸುವದೆಂದರೆ ಕುರುಡನ ಕಣ್ಣಿಗೆ ಹೊರಗಿನಿಂದ ದೃಷ್ಟಿಯನ್ನು ತುಂಬಿದಂತೆ ಅಲ್ಲ ಅನ್ನುತ್ತಾನೆ. ಕಣ್ಣು ಇದ್ದೇ ಇದೆ. ಅದು ಗೋಡೆಯ ಕಡೆಗಿದೆ. ಕಟ್ಟುಬಿದ್ದ ಶರೀರವೆಲ್ಲಾ ತಿರುಗದೆ ಕಣ್ಣು ತಿರುಗಲಾರದು. ಹಾಗೆಯೇ ಆತ್ಮವೆಲ್ಲಾ ತಿರುಗದೆ ಬುದ್ಧಿಯೊಂದೇ ತಿರುಗಲಾರದು. ಇದನ್ನು ಓದುವಾಗ ಸತ್ಯವೇದದಲ್ಲಿ ಮಾನಸಾಂತರವೆಂಬ ಶಬ್ದಕ್ಕೆ ಇರುವ ಅರ್ಥವು ನಮ್ಮ ನೆನಪಿಗೆ ಬಾರದೆ ಇರದು. ಆತ್ಮದಲ್ಲಿ ಒಂದೇ ಶಕ್ತಿಯಲ್ಲ, ವಿವೇಕ, ರೋಷ, ಆಸೆ ಎಂಬ ಮೂರುಂಟೆಂದೂ ಅವು ಒಂದರೊಡನೊಂದು ಹೋರಾಡುತ್ತವೆಂದೂ ತೋರಿಸುವದಕ್ಕೆ ಅವನು ಲೆಯೊಂತಿಯನೆಂಬವನ ಕಥೆಯನ್ನು ಹೇಳುತ್ತಾನೆ. ಇವನು ರೇವುಪಟ್ಟಣದಿಂದ ಗೋಡೆಯ ಹೊರಗಿನ ದಾರಿಯಲ್ಲಿ ಬರುವಾಗ ಕೊಲೆಗಾರನ ಬಳಿಯಲ್ಲಿ ಹೆಣಗಳು ಬಿದ್ದಿದ್ದವು. ನೋಡಬೇಕೆಂಬ ಆಸೆ, ನೋಡಬಾರದೆಂಬ ಹೇಸಿಗೆ, ಎರಡೂ ಕೂಡಿ ಬಂದವು. ಮುಖ ಮುಚ್ಚಿಕೊಂಡು ಬಹಳ ಹೊತ್ತು ತನ್ನೊಡನೆ ತಾನೇ ಹೋರಾಡಿದನು. ಕಡೆಗೆ ಸೋತು, ಕಣ್ಣುಗಳನ್ನು ಅಗಲವಾಗಿ ತೆರೆದು, ಹೆಣಗಳ ಬಳಿಗೆ ಓಡಿ, ತನ್ನ ಕಣ್ಣುಗಳನ್ನೇ ಶಪಿಸಿ, ನೋಡಿ ತೃಪ್ತಿಪಡಿರೆಂದನು. ಲೆಯೊಂತಿಯನು ಅಳತೆಯಲ್ಲಿ ತಪ್ಪಿದವನಲ್ಲ. ಅವನಿಗೆ ತಿಳಿದಿತ್ತು, ತಿಳಿದೇ ಸೋತನು.

ಮೂರನೆಯವನಾದ ಅರಿಸ್ಟಾಟಲನು ಅಥೇನೆಯವನಲ್ಲ. ಕ್ರಿ. ಪೂ. 384ರಲ್ಲಿ ಉತ್ತರದ ಸ್ತಗೀರವೆಂಬ ಊರಿನಲ್ಲಿ ಹುಟ್ಟಿದನು. ತಂದೆ ಮಕೆದೋನ್ಯದ ಅರಸನ ವೈದ್ಯನು. ಹದಿನೇಳು ವರುಷದವನಾಗಿ ಪ್ಲೇಟೋವಿನ ಶಾಲೆಗೆ ಬಂದು ಇಪ್ಪತ್ತು ವರುಷ ಅಲ್ಲಿದ್ದನು. ಆಮೇಲೆ ಬಾಲಕನಾಗಿದ್ದ ಅಲೆಕ್ಸಾಂಡರನಿಗೆ ಉಪಾಧ್ಯಾಯನಾದನು. ನೆರಳಿನಾಚೆಗೆ ನಿಜವನ್ನು ಹುಡುಕುವ ಬದಲು ಎದುರಿನ ವಸ್ತುವಿನಲ್ಲಿಯೇ ಅದನ್ನು ಹುಡುಕಬೇಕೆಂಬದು ಅವನ ಸ್ವಭಾವ. ಒಂದು ವಸ್ತುವನ್ನು ಅರಿಯಬೇಕಾದರೆ ನಾಲ್ಕು ಕಾರಣಗಳನ್ನು ಕೇಳಬೇಕೆಂದು ಕಲಿಸಿದನು. ನಮ್ಮ ನೇಗಿಲನ್ನೇ ತೆಗೆದುಕೊಳ್ಳೋಣ. ಯಾವದರಿಂದಾಯಿತು? ಜಾಲಿಯ ಮರದಿಂದಲೂ ಕಬ್ಬಿಣದಿಂದಲೂ. ಯಾವ ರೂಪ? ನೇಗಿಲಿನ ರೂಪ. ಯಾರಿಂದ? ಬಡಗಿಯಿಂದ. ಯಾತಕ್ಕಾಗಿ? ಉಳುವದಕ್ಕಾಗಿ. ಈ ಕಡೆಯ ಪ್ರಶ್ನೆಯೇ ಅವನಿಗೆ ಮುಖ್ಯ. ಉಳುಮೆಯನ್ನರಿಯದವನು ನೇಗಿಲನ್ನು ಸಾವಿರ ಸಾರಿ ನೋಡಿದರೂ ಕಟ್ಟಿಗೆಯನ್ನೇ ನೋಡಿದಂತಾಯಿತು. ಹಾಗಾದರೆ ಮನುಷ್ಯನು ಯಾತಕ್ಕಾಗಿ? ಗಿಡವೂ ಬೆಳೆಯುತ್ತದೆ, ದನವೂ ನೋಡುತ್ತದೆ. ಮನುಷ್ಯನಿಗೇ ಸೇರಿದ ಕೆಲಸವು ವಿವೇಕದ ಪ್ರಕಾರ ಒಳ್ಳೇದಾಗಿ ಬಾಳುವದು, ಅದರಲ್ಲಿಯೇ ಅವನ ಭಾಗ್ಯವು ಎಂದು ಉತ್ತರ ಕೊಟ್ಟನು.

ನಮ್ಮ ಪ್ರಶ್ನೆಯನ್ನು ಬಿಡಿಸುವದರಲ್ಲಿ ಈ ವೈದ್ಯನ ಮಗನು ಮಿಕ್ಕ ಇಬ್ಬರಿಗಿಂತಲೂ ಸೂಕ್ಷ್ಮವಾಗಿ ಹೋದನು. ಸಾಕ್ರೆಟೀಸನ ವಾದವು ಕಣ್ಣಾರೆ ಕಾಣುವದಕ್ಕೆ ವಿರೋಧವಾಗಿದೆ ಎಂದು ಮೊದಲು ಹೇಳುತ್ತಾನೆ. ಆಮೇಲೆ, ಅರಿತಿರುವದು ಎಂಬ ಮಾತಿಗೆ ಎರಡು ಅರ್ಥಗಳುಂಟೆಂದು ವಿಂಗಡಿಸುತ್ತಾನೆ. ನಿದ್ದೆಹೋದ ವಿದ್ವಾಂಸನಿಗೂ ವಿದ್ಯೆಯಿದೆ, ಕುಡಿದವನಿಗೂ ಇದೆ. ಆದರೆ ಆ ಹೊತ್ತಿಗೆ ಅದು ಎಚ್ಚರವಾಗಿಲ್ಲ. ಕುಡಿದವನು ಪಂಡಿತರ ಪದ್ಯಗಳನ್ನು ಹೇಳಬಲ್ಲನು. ನಾಟಕದವನು ಅರಸನ ಮಾತನ್ನು ಆಡಬಲ್ಲನು. ಹೊಸದಾಗಿ ಕಲಿಯುವವನು ವಾಕ್ಯಗಳನ್ನು ಒಂದಕ್ಕೊಂದು ಪೋಣಿಸಿ ಒಪ್ಪಿಸಬಲ್ಲನು. ಇದರಿಂದ ಅರಿತನೆಂದಾಗಲಿಲ್ಲ. ಅರಿವು ಅವನ ಮೈಗೂಡಿ ಬೆಳೆಯಬೇಕು, ಅದಕ್ಕೆ ಕಾಲ ಬೇಕು ಅನ್ನುತ್ತಾನೆ. ಪ್ರಶ್ನೋತ್ತರಮಾಲೆಯನ್ನು ಒಪ್ಪಿಸಿಕೊಂಡು ದೀಕ್ಷಾಸ್ನಾನಕ್ಕೆ ಹೆಸರು ಬರೆಯುವ ನಮ್ಮಂಥ ಉಪದೇಶಿಗಳು ಈ ಮಾತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವದು ಒಳ್ಳೇದು.

ಮೈಗೂಡುವ ಬಗೆ ಯಾವದು? ಮಾಡುವದರಿಂದಲೇ. ಮನೆ ಕಟ್ಟುತ್ತಾ ಮನೆಕಟ್ಟುವವನಾಗುವಂತೆ, ನ್ಯಾಯವಾದದ್ದನ್ನು ಮಾಡುತ್ತಾ ನ್ಯಾಯವಂತನಾಗಬೇಕು. ಉಪದೇಶವನ್ನು ಕೇಳಿ ಹಾಗೆ ನಡೆಯದವರು, ವೈದ್ಯನ ಮಾತನ್ನು ಗಮನವಿಟ್ಟು ಕೇಳಿ ಒಂದು ಮದ್ದನ್ನಾದರೂ ತೆಗೆದುಕೊಳ್ಳದ ರೋಗಿಗಳಂತೆ ಎಂದು ಅವನು ಬರೆದಿದ್ದಾನೆ. ಅಪೊಸ್ತಲನಾದ ಯಾಕೋಬನ ಪತ್ರಿಕೆಯನ್ನು ಬಲ್ಲವರಿಗೆ ಈ ಎಚ್ಚರಿಕೆ ಅಪರಿಚಿತವಲ್ಲ. ಇದರಿಂದ ನಮ್ಮ ಸಭೆಗಳಿಗೆ ಪ್ರಯೋಜನವಿಲ್ಲದೆ ಇಲ್ಲ. ಸಂತೆಯಲ್ಲಿ ಸೋಲುವವನಿಗೆ ಏಳನೆಯ ಸಾರಿ ಉಪದೇಶ ಮಾಡುವದಕ್ಕಿಂತ, ಅಂಗಡಿಯಿಲ್ಲದ ದಾರಿಯಿಂದ ಅವನೊಡನೆ ಒಬ್ಬ ಹಿರಿಯನು ನಾಲ್ಕು ತಿಂಗಳು ನಡೆದು ಬರುವದು ಹೆಚ್ಚು ಕೆಲಸ ಮಾಡೀತು. ಕಲಿಸಬೇಕು ಅನ್ನುವವರೂ ಶಿಕ್ಷಿಸಬೇಕು ಅನ್ನುವವರೂ ಈ ನಡಿಗೆಯ ಶ್ರಮವನ್ನು ಮಾತ್ರ ಲೆಕ್ಕಕ್ಕೆ ತರುವದಿಲ್ಲ.

ಆದರೂ ಅರಿಸ್ಟಾಟಲನಲ್ಲಿ ಎರಡು ಬಾಗಿಲುಗಳು ಮುಚ್ಚಿವೆ. ಮೊದಲನೆಯದು ಇದು. ಕೆಟ್ಟ ಅಭ್ಯಾಸದಲ್ಲಿ ಬಲಿತವನು ಬಯಸಿದ ಮಾತ್ರಕ್ಕೆ ಒಳ್ಳೆಯವನಾಗಲಾರನು. ಕೈಯಿಂದ ಎಸೆದ ಕಲ್ಲನ್ನು ಹಿಂದಕ್ಕೆ ಕರೆಯಲಾಗದು, ಎಸೆಯದೆ ಇರುವದು ಮಾತ್ರ ಅವನ ವಶದಲ್ಲಿತ್ತು ಅನ್ನುತ್ತಾನೆ. ಇದು ಸತ್ಯವಾದ ಮಾತೇ. ಆದರೆ ಕಲ್ಲನ್ನು ಎಸೆದಾಗಿರುವವನಿಗೆ ಏನು ಹೇಳೋಣ? ಎರಡನೆಯದು ಇನ್ನೂ ಕಠಿಣ. ಮನುಷ್ಯನ ಗುರಿಯನ್ನು ಇಷ್ಟು ಚೆನ್ನಾಗಿ ಹೇಳಿದವನು ಅದನ್ನು ಎಲ್ಲ ಮನುಷ್ಯರಿಗೂ ಬಿಡಲಿಲ್ಲ. ಕೆಲವರು ಹುಟ್ಟಿನಿಂದಲೇ ದಾಸರೆಂದು ಬರೆದನು. ಉತ್ತಮವಾದ ರಾಜ್ಯದಲ್ಲಿ ಕೈಕೆಲಸದವರೂ ಹೊಲ ಉಳುವವರೂ ಪೌರರಾಗಬಾರದು, ಯಾಕಂದರೆ ಸದ್ಗುಣಕ್ಕೆ ಬಿಡುವು ಬೇಕು ಎಂದನು. ನೇಗಿಲಿನ ಉದ್ದೇಶವನ್ನು ಬಲ್ಲವನಿಗೆ ನೇಗಿಲು ಹಿಡಿದವನ ಉದ್ದೇಶವು ಕಾಣದೆ ಹೋಯಿತು. ಹುಟ್ಟಿನಿಂದ ಮೇಲು ಕೀಳೆಂಬ ಮಾತನ್ನು ಬೇರೆ ಬಾಯಿಗಳಿಂದ ಕೇಳಿದ ನಮ್ಮ ಜನರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ.

ಈಗ ಪೌಲನನ್ನು ನೋಡಿರಿ. ಸಾಕ್ರೆಟೀಸನು ಕೇಳುವ ತಿಳುವಳಿಕೆ ಅವನಲ್ಲಿ ಕಡಿಮೆಯಾಗಿರಲಿಲ್ಲ. ಗಮಲಿಯೇಲನ ಪಾದಸನ್ನಿಧಿಯಲ್ಲಿ ಧರ್ಮಶಾಸ್ತ್ರವನ್ನು ಕಲಿತವನು. ಅರಿಸ್ಟಾಟಲನು ಕೇಳುವ ಅಭ್ಯಾಸವೂ ಕಡಿಮೆಯಾಗಿರಲಿಲ್ಲ. ಫರಿಸಾಯರ ಕಟ್ಟುನಿಟ್ಟಿನಲ್ಲಿ ಬೆಳೆದವನು. ಅಂಥವನು ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ, ಒಳ್ಳೆಯದೆಂದು ಒಪ್ಪುವದೂ ಬಯಸುವದೂ ಮಾಡುವದೂ ಒಂದಾಗದೆ ಹೋದ ಮನುಷ್ಯನ ಸ್ಥಿತಿಯನ್ನು ಬರೆಯುತ್ತಾನೆ. ಅದು ನಂಬುವದಕ್ಕೆ ಮುಂಚಿನ ಸ್ಥಿತಿಯೋ ನಂಬಿದ ತರುವಾಯದ್ದೋ ಎಂದು ವ್ಯಾಖ್ಯಾನಕಾರರು ವಾದಿಸುತ್ತಾರೆ. ನಮ್ಮ ಪ್ರಶ್ನೆಗೆ ಎರಡೂ ಒಂದೇ. ಗಮನಿಸತಕ್ಕದ್ದು ಯಾವದಂದರೆ, ಕಡೆಯಲ್ಲಿ ಅವನು ಕೇಳುವ ಪ್ರಶ್ನೆಯ ರೂಪ. ಅಥೇನೆಯವರು, ಯಾವದರಿಂದ ಮನುಷ್ಯನು ಸರಿಯಾಗುವನು ಎಂದು ಕೇಳಿದರು; ಒಬ್ಬನು ಅಳತೆಯಿಂದ ಅಂದನು, ಒಬ್ಬನು ತಿರುಗುವದರಿಂದ ಅಂದನು, ಒಬ್ಬನು ಅಭ್ಯಾಸದಿಂದ ಅಂದನು. ಪೌಲನು ಕೇಳುವದು, ಬಿಡಿಸುವವನು ಯಾರು ಎಂದು. ಕೇಳಿದ ಉಸಿರಿನಲ್ಲಿಯೇ ಯೇಸು ಕ್ರಿಸ್ತನ ಹೆಸರನ್ನು ಹೇಳಿ ದೇವರಿಗೆ ಸ್ತೋತ್ರಮಾಡುತ್ತಾನೆ. ಎಸೆದ ಕಲ್ಲು ಎಸೆದವನ ಮಾತನ್ನು ಕೇಳದು. ಬೇರೊಬ್ಬನು ಅದನ್ನು ಹಿಡಿಯಬಲ್ಲನೋ ಎಂಬದನ್ನು ಅರಿಸ್ಟಾಟಲನು ಯೋಚಿಸಲಿಲ್ಲ.

ಆ ಪತ್ರಿಕೆಯನ್ನು ಪೌಲನು ಕ್ರಿ. ಶ. 57ರ ಸುಮಾರಿಗೆ, ಅಥೇನೆಯಿಂದ ಕೆಲವೇ ದಿನಗಳ ನಡಿಗೆಯಲ್ಲಿರುವ ಕೊರಿಂಥದಲ್ಲಿದ್ದು ಹೇಳಿ ಬರೆಯಿಸಿದನು. ಬರೆದ ಕೈ ಅವನದಲ್ಲ. ಬರೆದವನು ತೆರ್ತ್ಯನು. ರೋಮ್ ಭಾಷೆಯಲ್ಲಿ ಆ ಹೆಸರಿಗೆ ಮೂರನೆಯವನೆಂಬದಕ್ಕಿಂತ ಹೆಚ್ಚಿನ ಅರ್ಥವಿಲ್ಲ; ಇಂಥ ಎಣಿಕೆಯ ಹೆಸರುಗಳನ್ನು ಆ ಕಾಲದಲ್ಲಿ ದಾಸರಿಗೆ ಇಡುವದು ರೂಢಿಯಾಗಿತ್ತು. ಸ್ವತಂತ್ರರಾದ ಅಥೇನೆಯವರು ಬಿಡುವಿನಲ್ಲಿ ವಾದಿಸಿದ ಆ ಪ್ರಶ್ನೆಯು ಏಳನೆಯ ಅಧ್ಯಾಯವಾಗಿ ಅವನ ಲೇಖನಿಯಿಂದ ಇಳಿಯಿತು. ಹದಿನಾರನೆಯ ಅಧ್ಯಾಯಕ್ಕೆ ಬಂದಾಗ ಅವನು ಪೌಲನ ವಂದನೆಗಳ ನಡುವೆ ತನ್ನ ಹೆಸರನ್ನು ಬರೆದು, ಪತ್ರಿಕೆಯನ್ನು ಬರೆದವನು ತಾನೆಂದು ತಿಳಿಸಿ, ರೋಮಾಪುರದ ಸಭೆಗೆ ತನ್ನ ವಂದನೆಯನ್ನೂ ಸೇರಿಸಿದನು.